ಎಂಎ ಒಂದು ಕಡೆ, ಬಿಎಡ್ ಇನ್ನೊಂದು ಕಡೆ

ಡಿಗ್ರಿ ರಿಸಲ್ಟ್ ಬಂತು ಅಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಚರ್ಚೆ. ಬಿಎ ಮುಗಿಸಿದ ಅಕ್ಕನ ಮಗಳು ಈ ಸಲ ಹೊಸನಗರದಿಂದ ಫೋನ್ ಮಾಡಿದಳು. "ಮಾವ, ಎಂಎ ಮೊದಲು ಮಾಡ್ಲಾ, ಬಿಎಡ್ ಮೊದಲು ಮಾಡ್ಲಾ?" ಸುಲಭದ ಪ್ರಶ್ನೆ ಅಂದುಕೊಂಡು ಹೇಳೋಕೆ ಶುರು ಮಾಡಿದೆ. ಅರ್ಧ ಗಂಟೆಯಾದರೂ ಮುಗಿಯಲಿಲ್ಲ.

ಈಗಿರುವ ಲೆಕ್ಕ ಹೀಗಿದೆ. ಹೈಸ್ಕೂಲಿನಲ್ಲಿ ಪಾಠ ಮಾಡಲು ಡಿಗ್ರಿ, ಬಿಎಡ್ ಬೇಕು. ಪಿಯು ಉಪನ್ಯಾಸಕರಾಗಲು ಎಂಎ ಜೊತೆಗೆ ಬಿಎಡ್ಡೂ ಬೇಕು. ಡಿಗ್ರಿ ಕಾಲೇಜಿಗೆ ಎಂಎ ಮತ್ತು ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್‌ಡಿ. ಅಲ್ಲಿ ಬಿಎಡ್ ಕೇಳುವುದೇ ಇಲ್ಲ. ಅಂದರೆ ಹದಿನೇಳು ವರ್ಷದ ಹುಡುಗನಿಗೆ ಇತಿಹಾಸ ಹೇಳುವವರಿಗೆ ಪಾಠ ಮಾಡುವುದನ್ನು ಕಲಿಸಿರಬೇಕು, ಅದೇ ಹುಡುಗ ಒಂದು ವರ್ಷ ದೊಡ್ಡವನಾದರೆ ಬೇಕಿಲ್ಲ. ವಿಚಿತ್ರ ಅಲ್ವಾ?

ಇದು ಹಳೇ ಕಥೆ. ಶಿಕ್ಷಕರ ತರಬೇತಿ ಕಾಲೇಜುಗಳು ವಿಶ್ವವಿದ್ಯಾಲಯದಿಂದಲೂ ಶಾಲೆಗಳಿಂದಲೂ ದೂರ ಉಳಿದಿವೆ ಅಂತ ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿದ ಕೊಠಾರಿ ಆಯೋಗ 1966ರಲ್ಲೇ ಬರೆದಿತ್ತು. ಆಮೇಲೆ 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, 1989ರಲ್ಲಿ ನೆಟ್ ಬಂತು, 1993ರ ಕಾಯ್ದೆಯಿಂದ ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಕೈಗೆ ಅಧಿಕಾರ ಬಂತು. ದೂರ ಮಾತ್ರ ಹಾಗೇ ಇತ್ತು. ಮಲೆನಾಡಿನ ಮಕ್ಕಳು ಎಂಎಗೆ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಾದ ಕಷ್ಟ ಶಂಕರಘಟ್ಟದಿಂದ ಎಷ್ಟೋ ತಪ್ಪಿತು, ಅದು ಸಣ್ಣ ಮಾತಲ್ಲ. ಆದರೆ ವಿಷಯ ಓದುವ ಜಾಗ ಬೇರೆ, ಅದನ್ನು ಕಲಿಸುವುದನ್ನು ಕಲಿಯುವ ಜಾಗ ಬೇರೆ ಆಗಿಯೇ ಉಳಿಯಿತು.

ನಾನು ಎಂಎ ಇತಿಹಾಸ ಮುಗಿಸಿ ಬಿಎಡ್‌ಗೆ ಸೇರಿದ್ದು ಅದು ಇನ್ನೂ ಒಂದು ವರ್ಷದ ಕೋರ್ಸ್ ಆಗಿದ್ದಾಗ. ಕಲಿಸುವ ವಿಧಾನಕ್ಕೆ ಆರಿಸಿಕೊಂಡ ವಿಷಯಗಳು ಹಿಸ್ಟರಿ ಮೆಥಡ್, ಕನ್ನಡ ಮೆಥಡ್. ಲೆಸನ್ ಪ್ಲಾನ್ ಬರೆದು ಬರೆದು ಬೆರಳು ನೋಯುತ್ತಿತ್ತು. ಪುಟಕ್ಕೆ ಗೆರೆ ಎಳೆದು ಬೋಧನಾಂಶ, ಉದ್ದೇಶ ಮತ್ತು ನಿರ್ದಿಷ್ಟೀಕರಣ, ಕಲಿಕಾನುಭವ, ಮೌಲ್ಯಮಾಪನ ಅಂತ ಕಾಲಂ ಮಾಡಬೇಕು. "ವಿದ್ಯಾರ್ಥಿಯು ಪುನಃಸ್ಮರಿಸುತ್ತಾನೆ" ಅನ್ನುವ ವಾಕ್ಯವನ್ನು ಎಷ್ಟು ಸಲ ಬರೆದೆನೋ ದೇವರಿಗೇ ಗೊತ್ತು.

ಪ್ರಾಕ್ಟೀಸ್ ಟೀಚಿಂಗ್ ಬಿದ್ದಿದ್ದು ಶಿಕಾರಿಪುರದ ಕಡೆಯ ಒಂದು ಹೈಸ್ಕೂಲಿಗೆ. ಹೊರಗೆ ಜೋರು ಮಳೆ, ಒಳಗೆ ಕದಂಬರ ಪಾಠ. ನಾನೇ ಬರೆದ ಚಾರ್ಟ್ ತೂಗುಹಾಕಿ ಮಯೂರಶರ್ಮ ಅಂದೆ, ತಾಳಗುಂದ ಶಾಸನ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದ. "ಸಾರ್, ಆ ಕಂಬ ನಮ್ಮೂರಲ್ಲೇ ಇದೆ. ಪ್ರಣವೇಶ್ವರ ಗುಡಿ ಮುಂದೆ." ಇಡೀ ಕ್ಲಾಸ್ ಅವನ ಕಡೆ ತಿರುಗಿತು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಕುದುರೆ ಸವಾರನ ಜೊತೆ ಜಗಳವಾಗಿ ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆ ಅದೇ ಕಂಬದ ಮೇಲಿದೆ. ಅದನ್ನು ಹೇಳುತ್ತಾ ಹೋದೆ, ಬೆಲ್ ಆಯಿತು. ಮೌಲ್ಯಮಾಪನದ ಪ್ರಶ್ನೆಗಳು ಹಾಗೇ ಉಳಿದವು. ಅಬ್ಸರ್ವೇಶನ್‌ಗೆ ಬಂದಿದ್ದವರು ಕೆಂಪು ಇಂಕಿನಲ್ಲಿ ಬರೆದರು: "ಸಮಯ ಪಾಲನೆ ಇಲ್ಲ."

ಅವರು ಬರೆದಿದ್ದು ತಪ್ಪು ಅಂತಲ್ಲ, ಅವರಿಗೂ ತುಂಬಲು ಒಂದು ಫಾರಂ ಇತ್ತು. ಎಂಎಯಲ್ಲಿ ಅದೇ ಶಾಸನದ ಬಗ್ಗೆ ಕವಿ ಕುಬ್ಜ, ಅರಸರಾದ ಕಾಕುಸ್ಥವರ್ಮ, ಶಾಂತಿವರ್ಮ ಅಂತ ಟಿಪ್ಪಣಿ ಬರೆದು ಪಾಸಾಗಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಕಲ್ಲನ್ನು ಹೇಗೆ ತೋರಿಸಬೇಕು ಅನ್ನುವುದು ಎಂಎಯಲ್ಲೂ ಬರಲಿಲ್ಲ, ಬಿಎಡ್‌ನಲ್ಲೂ ಬರಲಿಲ್ಲ.

ಬಿಎಡ್ ಆದಮೇಲೆ ಮಾಡುವ ಎಂಎಡ್‌ನಲ್ಲಿ ಅದು ಸಿಗಬೇಕಿತ್ತು. ಆದರೆ ಅಲ್ಲಿ ಜಾಸ್ತಿ ಇರುವುದು ಶಿಕ್ಷಣದ ತತ್ವಶಾಸ್ತ್ರ, ಮನಶ್ಶಾಸ್ತ್ರ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಕೊನೆಗೊಂದು ಪ್ರಬಂಧ. ವಿಷಯ, ಬೋಧನೆ ಎರಡನ್ನೂ ಜೋಡಿಸುವ ಪ್ರಯತ್ನ ಆಗಿಲ್ಲ ಅಂತೇನಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ, ಅಲ್ಲಿ ಎಂಎಸ್ಸಿ ಎಡ್ ಅಂತ ಆರು ವರ್ಷದ ಒಂದೇ ಕೋರ್ಸ್ ತಂದರು. ಅದು ವಿಜ್ಞಾನ, ಗಣಿತದವರಿಗೆ. ಎಂಎ ಮಟ್ಟಕ್ಕೆ ಬಂದರೆ ಇತಿಹಾಸ, ಕನ್ನಡದವರು ಸುಮ್ನೆ ನೋಡುತ್ತಾ ಕೂರಬೇಕು.

ಮುಂದೆ ಆಗಿದ್ದೆಲ್ಲ ವರ್ಷಗಳ ಕೂಡು ಕಳೆ ಲೆಕ್ಕ. 2014ರ ನಿಯಮದಿಂದ ಬಿಎಡ್ ಎರಡು ವರ್ಷ ಆಯಿತು, ಎಂಎಡ್ಡೂ ಎರಡು ವರ್ಷ. ಡಿಗ್ರಿ, ಎಂಎ ಸೇರಿಸಿದರೆ ಮೊದಲು ಏಳು ವರ್ಷಕ್ಕೆ ಮುಗಿಯುತ್ತಿದ್ದದ್ದು ಒಂಬತ್ತಾಯಿತು. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಈಗ 2025ರ ಎನ್‌ಸಿಟಿಇ ಕರಡಿನಲ್ಲಿ, ಸ್ನಾತಕೋತ್ತರ ಪದವಿ ಇದ್ದವರಿಗೆ ಒಂದೇ ವರ್ಷದ ಬಿಎಡ್ ಅಂತಿದೆ. ಒಂದರಿಂದ ಎರಡಕ್ಕೆ ಹೋಗಿ ಮತ್ತೆ ಒಂದಕ್ಕೆ. ಆ ಒಂದು ವರ್ಷದಲ್ಲಿ ಏನು ಕಲಿಸುತ್ತಾರೆ ಅನ್ನುವ ಚರ್ಚೆ ನನ್ನ ಕಿವಿಗಂತೂ ಬಿದ್ದಿಲ್ಲ.

ಹುಡುಗಿ ಕೊನೆಗೆ ಶಂಕರಘಟ್ಟಕ್ಕೆ ಎಂಎ ಇತಿಹಾಸ ಅಂತ ಅರ್ಜಿ ಹಾಕಿದ್ದಾಳೆ. ಕರಡು ನಿಯಮವಾದರೆ ಬಿಎಡ್ ಸೇರಿ ಮೂರು ವರ್ಷ, ಆಗದಿದ್ದರೆ ನಾಲ್ಕು. ಅಡಿಕೆ ರೇಟು ನೋಡಿಕೊಂಡು ಅಕ್ಕ ಎರಡಕ್ಕೂ ಲೆಕ್ಕ ಹಾಕಿಟ್ಟಿದ್ದಾಳೆ.