ಬ್ಯಾಕ್‌ಲೈಟ್ ಬ್ಲೀಡ್: ಸ್ಕ್ರೀನಿನ ಅಂಚಿನಲ್ಲಿ ಸೋರುವ ಬೆಳಕು

ಕಳೆದ ವರ್ಷ ಅಮ್ಮನಿಗೆ ಒಂದು ಟ್ಯಾಬ್ ತರಿಸಿಕೊಟ್ಟೆ. ಯಕ್ಷಗಾನ ನೋಡಲು ಫೋನ್ ಸಣ್ಣದಾಯಿತು ಎನ್ನುತ್ತಿದ್ದರು. ಮೊದಲ ರಾತ್ರಿಯೇ ಕೋಣೆಯ ದೀಪ ಆರಿಸಿ ಒಂದು ಹಳೆಯ ಬಯಲಾಟ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು, "ಮಗಾ, ಈ ಮೂಲೆಯಲ್ಲಿ ಎಂತದು ಬೆಳ್ಳಗೆ?" ಎಂದು ಕೇಳಿದರು. ರಂಗದ ಹಿಂದಿನ ಕತ್ತಲೆ ಉಳಿದ ಕಡೆಯೆಲ್ಲ ಕಪ್ಪಾಗಿಯೇ ಇತ್ತು. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಯ ಬೆಳಕು ಬಿದ್ದ ಹಾಗೆ, ಮಸುಕು ಹಳದಿ ಮಚ್ಚೆ. ವೇಷ ಎಡಕ್ಕೆ ಸರಿದಾಗೆಲ್ಲ ಅದು ಎದ್ದು ಕಾಣುತ್ತಿತ್ತು.

ಇದನ್ನು ಬ್ಯಾಕ್‌ಲೈಟ್ ಬ್ಲೀಡ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬೆಳಕಿನ ಸೋರಿಕೆ. ಮಾಡು ಸೋರುತ್ತದೆ, ನಲ್ಲಿ ಸೋರುತ್ತದೆ ಎನ್ನುವುದಿಲ್ಲವೇ, ಇದೂ ಹಾಗೇ. ತಡೆದು ನಿಲ್ಲಿಸಬೇಕಾದ ಜಾಗದಲ್ಲಿ ಬೆಳಕು ನಿಲ್ಲದೆ ಹೊರಗೆ ಬರುತ್ತದೆ.

ಬೆಳಕು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಉಳಿದದ್ದು ಸುಲಭ. ಎಲ್‌ಸಿಡಿ ಸ್ಕ್ರೀನ್ ತಾನಾಗಿ ಬೆಳಗುವುದಿಲ್ಲ. ಹೆಚ್ಚಿನ ಟ್ಯಾಬ್‌ಗಳಲ್ಲಿ ಸ್ಕ್ರೀನಿನ ಒಂದು ಅಂಚಿಗೆ ಪುಟ್ಟ ಎಲ್‌ಇಡಿಗಳ ಸಾಲು ಇರುತ್ತದೆ. ಅವುಗಳ ಬೆಳಕು ಒಂದು ತೆಳು ಪ್ಲಾಸ್ಟಿಕ್ ಹಾಳೆಯೊಳಗೆ ಹರಿದು ಇಡೀ ಸ್ಕ್ರೀನಿನ ಹಿಂದೆ ಹರಡುತ್ತದೆ. ಅದರ ಮುಂದೆ ಲಿಕ್ವಿಡ್ ಕ್ರಿಸ್ಟಲ್ ಪದರ. ಅಲ್ಲಿನ ಪ್ರತಿಯೊಂದು ಚುಕ್ಕಿಯೂ ಒಂದು ಪುಟ್ಟ ಕಿಟಕಿ. ಬಿಳಿ ಬೇಕಾದಾಗ ತೆರೆಯುತ್ತದೆ, ಕಪ್ಪು ಬೇಕಾದಾಗ ಮುಚ್ಚುತ್ತದೆ. ಹಿಂದಿನ ದೀಪ, ಅಂದರೆ ಬ್ಯಾಕ್‌ಲೈಟ್, ಮಾತ್ರ ಉರಿಯುತ್ತಲೇ ಇರುತ್ತದೆ.

ಮುಚ್ಚಿದ ಕಿಟಕಿಯಿಂದಲೂ ಚೂರು ಬೆಳಕು ಬಂದೇ ಬರುತ್ತದೆ. ಐಪಿಎಸ್ ಎಂಬ ಬಗೆಯ ಸಾಧಾರಣ ಎಲ್‌ಸಿಡಿ ಸ್ಕ್ರೀನಿನ ಕಪ್ಪು ಅಂದರೆ ಅದರ ಬಿಳಿಯ ಸುಮಾರು 1,000ದಲ್ಲಿ ಒಂದು ಪಾಲು ಬೆಳಕು. ಅದು ನಿಜವಾದ ಕಪ್ಪಲ್ಲ, ತುಂಬ ಗಾಢವಾದ ಬೂದು. ಆ ಬೂದು ಎಲ್ಲ ಕಡೆ ಸಮನಾಗಿದ್ದರೆ ಕಣ್ಣಿಗೆ ತೊಂದರೆಯಿಲ್ಲ. ಒಂದೇ ಕಡೆ ಜಾಸ್ತಿಯಾದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಫ್ರೇಮ್ ಒಂದು ಬದಿಯಲ್ಲಿ ತುಸು ಹೆಚ್ಚು ಒತ್ತಿರುವುದು, ಪದರಗಳು ಸರಿಯಾಗಿ ಕೂರದಿರುವುದು, ಅಂಟು ಸಮನಾಗಿ ಹಿಡಿಯದಿರುವುದು ಇದಕ್ಕೆ ಕಾರಣಗಳು. ಟ್ಯಾಬ್ ತೆಳುವಾದಷ್ಟೂ ಈ ಪದರಗಳಿಗೆ ಜಾಗ ಕಮ್ಮಿ. ಹಾಗಾಗಿಯೇ ಒಂದೇ ಮಾಡೆಲಿನ ಎರಡು ಟ್ಯಾಬ್‌ಗಳ ಸ್ಕ್ರೀನ್ ಒಂದೇ ಥರ ಇರುವುದಿಲ್ಲ.

ಸೋರಿಕೆಯ ಜೊತೆ ಗೊಂದಲವಾಗುವ ಇನ್ನೊಂದು ಮಾತಿದೆ, ಐಪಿಎಸ್ ಗ್ಲೋ. ಐಪಿಎಸ್ ಬಗೆಯ ಎಲ್‌ಸಿಡಿಯನ್ನು ಹಿಟಾಚಿ 1996ರಲ್ಲಿ ತಂದಿತು. ಓರೆಯಾಗಿ ನೋಡಿದರೂ ಬಣ್ಣ ಕೆಡದಿರುವುದು ಅದರ ದೊಡ್ಡ ಗುಣ. ಆದರೆ ಕತ್ತಲೆಯಲ್ಲಿ ಕಪ್ಪು ಚಿತ್ರವನ್ನು ಓರೆಯಾಗಿ ನೋಡಿದರೆ ಮೂಲೆಗಳಲ್ಲಿ ಒಂದು ಮಬ್ಬು ಹೊಳಪು ಕಾಣುತ್ತದೆ. ಇದು ಆ ಬಗೆಯ ಸ್ಕ್ರೀನಿನ ಸ್ವಭಾವ, ಕೆಟ್ಟುಹೋಗಿರುವುದಲ್ಲ. ಎರಡನ್ನೂ ಬೇರೆ ಮಾಡುವುದು ಕಷ್ಟವೇನಿಲ್ಲ. ತಲೆಯನ್ನು ಆಚೀಚೆ ಸರಿಸಿ, ಸ್ವಲ್ಪ ಹಿಂದೆ ಹೋಗಿ ನೋಡಿ. ಹೊಳಪು ನಿಮ್ಮ ಜೊತೆ ಜಾಗ ಬದಲಿಸಿದರೆ, ಹಿಂದೆ ಹೋದಂತೆ ಕರಗಿದರೆ, ಅದು ಗ್ಲೋ. ಎಲ್ಲಿಂದ ನೋಡಿದರೂ ಇದ್ದಲ್ಲೇ ಇದ್ದರೆ ಅದು ಸೋರಿಕೆ. ಗ್ಲೋ ಕಾರಣಕ್ಕೆ ಟ್ಯಾಬ್ ವಾಪಸ್ ಕಳಿಸಿ ಪ್ರಯೋಜನವಿಲ್ಲ. ಬದಲಿಗೆ ಬರುವುದರಲ್ಲೂ ಅದು ಇರುತ್ತದೆ.

ಓಎಲ್‌ಇಡಿ ಅಥವಾ ಅಮೋಲೆಡ್ ಟ್ಯಾಬ್‌ನಲ್ಲಿ ಬ್ಯಾಕ್‌ಲೈಟೇ ಇಲ್ಲ, ಆದ್ದರಿಂದ ಸೋರಿಕೆಯೂ ಇಲ್ಲ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಆದರೆ ಬ್ರೈಟ್‌ನೆಸ್ ತೀರಾ ಇಳಿಸಿ ಬೂದು ಚಿತ್ರ ನೋಡಿದಾಗ ಪಟ್ಟೆಗಳು, ಕಲೆಗಳು ಕಾಣಬಹುದು. ಇದಕ್ಕೆ ಮುರಾ ಎನ್ನುತ್ತಾರೆ. ಜಪಾನಿ ಪದ, ಏರುಪೇರು ಎಂದರ್ಥ. ಇನ್ನು ಮಿನಿ ಎಲ್‌ಇಡಿ ಬಗೆಯದು. 2021ರ 12.9 ಇಂಚಿನ ಐಪ್ಯಾಡ್ ಪ್ರೊದಲ್ಲಿ ಸ್ಕ್ರೀನಿನ ಹಿಂದೆ 10,000ಕ್ಕೂ ಹೆಚ್ಚು ಪುಟ್ಟ ಎಲ್‌ಇಡಿಗಳಿದ್ದವು, 2,596 ಗುಂಪುಗಳಲ್ಲಿ. ಬೆಳಕು ಹೀಗೆ ಗುಂಪು ಗುಂಪಾಗಿ ಹೆಚ್ಚು ಕಮ್ಮಿ ಆಗುವುದರಿಂದ, ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದಾಗ ಅದರ ಸುತ್ತ ಪ್ರಭೆಯ ಹಾಗೆ ಬೆಳಕು ಕಾಣುತ್ತದೆ. ಅದು ಬ್ಲೂಮಿಂಗ್. ಅದೂ ಸೋರಿಕೆಯಲ್ಲ.

ಹೊಸ ಟ್ಯಾಬ್ ಬಂದರೆ ಹೇಗೆ ನೋಡಬೇಕು? ಬಿಗಿಯಾದ ಕವರ್ ಇದ್ದರೆ ಮೊದಲು ತೆಗೆಯಿರಿ, ಅದು ಅಂಚನ್ನು ಒತ್ತುತ್ತಿರಬಹುದು. ತಾನಾಗಿ ಹೆಚ್ಚು ಕಮ್ಮಿ ಆಗುವ ಬ್ರೈಟ್‌ನೆಸ್ ಆಫ್ ಮಾಡಿ. ರಾತ್ರಿಯ ಹಳದಿ ಮೋಡ್ ಇದ್ದರೆ ಅದನ್ನೂ ಆಫ್ ಮಾಡಿ. ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ಸ್ಕ್ರೀನ್ ತುಂಬ ಇಟ್ಟು, ನೀವು ದಿನವೂ ಇಟ್ಟುಕೊಳ್ಳುವ ಬ್ರೈಟ್‌ನೆಸ್‌ನಲ್ಲೇ ನೋಡಿ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಯಾವ ಎಲ್‌ಸಿಡಿಯೂ ಹುಳುಕು ತೋರಿಸುತ್ತದೆ. ಆಮೇಲೆ ಪೂರ್ತಿ ಬಿಳಿ, ಪೂರ್ತಿ ಬೂದು ಚಿತ್ರಗಳನ್ನೂ ನೋಡಿ. ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಕಾಣುವ ತೊಂದರೆ ಗೊತ್ತಾಗುವುದು ಅಲ್ಲೇ. ಓದಲು ಟ್ಯಾಬ್ ಕೊಂಡವರಿಗೆ ಸೋರಿಕೆಗಿಂತ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಪುಸ್ತಕದ ಪುಟ ಇಡೀ ದಿನ ಬಿಳಿ.

ಫೋನಿನಲ್ಲಿ ತೆಗೆದ ಫೋಟೋ ನಂಬಬೇಡಿ. ಕತ್ತಲೆಯಲ್ಲಿ ಕ್ಯಾಮೆರಾ ಬೆಳಕನ್ನು ತಾನೇ ಏರಿಸಿಕೊಳ್ಳುತ್ತದೆ. ಕಣ್ಣಿಗೆ ಕಂಡೂ ಕಾಣದ ಹಾಗಿರುವ ಮಬ್ಬು, ಫೋಟೋದಲ್ಲಿ ಬೆಂಕಿ ಬಿದ್ದ ಹಾಗಿರುತ್ತದೆ. ಅದನ್ನು ನೋಡಿ ಎಷ್ಟೋ ಜನ ಸುಮ್ನೆ ಹೆದರುತ್ತಾರೆ. ಅಂಗಡಿಗೆ ಕಳಿಸುವಾಗಲೂ ಕಣ್ಣಿಗೆ ಕಂಡಷ್ಟೇ ಬರುವ ಹಾಗೆ ಎಕ್ಸ್‌ಪೋಶರ್ ಇಳಿಸಿ ತೆಗೆಯಿರಿ.

ಈಗ ಇಟ್ಟುಕೊಳ್ಳುವುದೋ ವಾಪಸ್ ಮಾಡುವುದೋ ಎಂಬ ಪ್ರಶ್ನೆ. ನಾನು ಕೇಳಿಕೊಳ್ಳುವುದು ಇಷ್ಟೇ: ಮೊದಲು ಕಂಡದ್ದು ಯಾವಾಗ? ವಿಡಿಯೊ ನೋಡುವಾಗ, ಓದುವಾಗ ತಾನಾಗಿ ಕಣ್ಣಿಗೆ ಬಿದ್ದರೆ ವಾಪಸ್ ಮಾಡುವುದೇ ಸರಿ. ಕಂಡದ್ದು ಮತ್ತೆ ಕಾಣದೆ ಹೋಗುವುದಿಲ್ಲ, ದಿನಾ ಕಣ್ಣು ಅದೇ ಮೂಲೆ ಹುಡುಕುತ್ತದೆ. ಟೆಸ್ಟ್ ಚಿತ್ರ ಹಾಕಿ ಹುಡುಕಿದ ಮೇಲಷ್ಟೇ ಕಂಡರೆ ಎರಡು ದಿನ ಮಾಮೂಲಿಯಾಗಿ ಬಳಸಿ ನೋಡಿ. ಆ ಎರಡು ದಿನದಲ್ಲಿ ನೆನಪಾಗದಿದ್ದರೆ ಇಟ್ಟುಕೊಳ್ಳಿ. ಯಾರು ಬಳಸುತ್ತಾರೆ ಎಂಬುದೂ ಮುಖ್ಯ. ಮಗುವಿನ ಆನ್‌ಲೈನ್ ಪಾಠಕ್ಕೆ ಹಗಲು ಹೊತ್ತಿನಲ್ಲಿ ಬಳಸುವ ಟ್ಯಾಬ್‌ಗೆ ಒಂದು ಮೂಲೆಯ ಮಬ್ಬು ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿಯ ಆಟ ನೋಡುವ ಅಮ್ಮನಿಗೆ ಅದೇ ದೊಡ್ಡ ಕಿರಿಕಿರಿ.

ನಾನು ಫೋನ್ ಮಾಡಿದಾಗ ಅಂಗಡಿಯವರು "ಎಲ್‌ಸಿಡಿಯಲ್ಲಿ ಇದು ನಾರ್ಮಲ್ ಸಾರ್" ಎಂದರು. ಸ್ವಲ್ಪ ಮಟ್ಟಿಗೆ ನಿಜ. ಆದರೆ ನಾರ್ಮಲ್ ಎಂದ ಮಾತ್ರಕ್ಕೆ ಒಪ್ಪಿಕೊಳ್ಳಲೇಬೇಕು ಎಂದೇನಿಲ್ಲ. ಕೊಟ್ಟ ಹಣ ಪೂರ್ತಿ ಕೊಟ್ಟಿದ್ದೇವೆ, ಅಲ್ವಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲವಾದರೆ 30 ದಿನ. ಮಾತು ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಬ್ಬು ಎಷ್ಟಿದ್ದರೆ ದೋಷ ಎಂಬಲ್ಲಿ ವಾದ ಹುಟ್ಟುವುದು ಸಹಜ. ಹಾಗಾಗಿ ಬಂದ ದಿನವೇ ನೋಡಿ, ದೂರನ್ನು ಬರಹದಲ್ಲೇ ಕಳಿಸಿ. ಆರ್ಡರ್ ಮಾಡುವ ಮೊದಲೇ ಪುಟದಲ್ಲಿ ರಿಟರ್ನ್ ಎಂದಿದೆಯೋ, ಬರೀ ರಿಪ್ಲೇಸ್‌ಮೆಂಟ್ ಎಂದಿದೆಯೋ ಓದಿಕೊಳ್ಳಿ. ಎರಡಕ್ಕೂ ತುಂಬ ವ್ಯತ್ಯಾಸ.

ಬದಲಿ ಟ್ಯಾಬ್ ಮೊದಲಿನದಕ್ಕಿಂತ ಚೆನ್ನಾಗಿಯೇ ಇರುತ್ತದೆ ಎಂದು ಯಾರೂ ಹೇಳಲಾರರು. ಪ್ಯಾನೆಲ್ ಲಾಟರಿ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ನಮಗೆ ಬಂದ ಎರಡನೆಯದರಲ್ಲೂ ಬಲಗಡೆಯ ಮೇಲಿನ ಅಂಚಿನಲ್ಲಿ ಸಣ್ಣ ಮಬ್ಬಿತ್ತು. ಕಪ್ಪು ಚಿತ್ರ ಇಟ್ಟು ಹುಡುಕಿದಾಗ ನನಗೆ ಕಂಡಿತು. ಅಮ್ಮನಿಗೆ ಹೇಳಲಿಲ್ಲ. ಒಂದು ವಾರ ಆಟ ನೋಡಿದರು, ಏನೂ ಕೇಳಲಿಲ್ಲ. ಇಟ್ಟುಕೊಂಡೆವು.

ವಾಪಸ್ ಕಳಿಸುವುದಾದರೆ ಸ್ಕ್ರೀನ್ ಗಾರ್ಡ್ ಅಂಟಿಸುವ ಮೊದಲೇ ತೀರ್ಮಾನ ಮಾಡಿ, ಡಬ್ಬಿ, ಚಾರ್ಜರ್, ಕೇಬಲ್ ಎಲ್ಲ ಜೋಪಾನವಾಗಿಡಿ. ಗೂಗಲ್ ಅಥವಾ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆ ಹಾಗೇ ಉಳಿದರೆ ಟ್ಯಾಬ್ ಲಾಕ್ ಆಗಿರುತ್ತದೆ, ಅದೇ ನೆಪಕ್ಕೆ ರಿಟರ್ನ್ ತಿರಸ್ಕರಿಸಬಹುದು.