ಲಿವರ್ ಕಚ್ಚಿಕೊಂಡ ಮಾತ್ರಕ್ಕೆ ಪೆಟ್ಟಿಗೆ ಬಿಚ್ಚಬೇಡಿ

ಕಳೆದ ಮಳೆಗಾಲದಲ್ಲಿ ಅಣ್ಣಿಗೇರಿ ಕಡೆಯ ರೈತರೊಬ್ಬರು ತಮ್ಮ ಹಳೆಯ ಮಾರುತಿ ಜಿಪ್ಸಿಯನ್ನು ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ತಂದರು. ಹಿಂದಿನ ಸೀಟಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಭಾರವಾದದ್ದೇನೋ ಇತ್ತು. ಶೇಂಗಾ ತಂದಿರಬೇಕು ಎಂದುಕೊಂಡು ನಾನು ಖುಷಿಪಟ್ಟೆ. ಬಿಚ್ಚಿದರೆ ಒಳಗೆ ಟ್ರಾನ್ಸ್‌ಫರ್ ಕೇಸ್, ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳ ಪೆಟ್ಟಿಗೆ!

‘ಮೇಸ್ತ್ರಿಗಳೇ, ನಾಲ್ಕು ಚಕ್ರಕ್ಕೆ ಹಾಕುವ ಸಣ್ಣ ಲಿವರ್ ಕಚ್ಚಿಕೊಂಡಿದೆ. ಪೆಟ್ಟಿಗೆಯೊಳಗಿನ ಹಲ್ಲು ಮುರಿದಿದೆ ಎಂದು ನಮ್ಮೂರಿನವರು ಹೇಳಿದರು. ಗುಜರಿಯಲ್ಲಿ ಇದು ಸಿಕ್ಕಿತು, ಇದನ್ನೇ ಕೂರಿಸಿಬಿಡಿ’ ಎಂದರು.

‘ಊರಿನಿಂದ ಇಲ್ಲಿಯವರೆಗೆ ಯಾವ ಲಿವರಿನಲ್ಲಿ ಬಂದಿರಿ ಯಜಮಾನರೇ?’ ಎಂದು ಕೇಳಿದೆ.

‘4ಎಚ್‌ನಲ್ಲಿ, ನಾಲ್ಕೂ ಚಕ್ರಕ್ಕೆ ಹಾಕಿಕೊಂಡು. ಮಳೆ ಇತ್ತಲ್ಲ. ರಸ್ತೆ ಹಿಡಿದುಕೊಂಡು ಓಡಲಿ ಎಂದು.’

ಗ್ಯಾರೇಜಿನ ಮುಂದೆಯೇ ಸ್ಟೇರಿಂಗ್ ನೆಟ್ಟಗೆ ಹಿಡಿದು ಹದಿನೈದು ಅಡಿ ಹಿಂದಕ್ಕೆ ಹೋಗಲು ಹೇಳಿದೆ. ಹೋದರು. ಬೆರಳಿನಲ್ಲಿ ಎಳೆದರೆ ಲಿವರ್ ಬೆಣ್ಣೆಯಲ್ಲಿ ಸರಿದಂತೆ 2ಎಚ್‌ಗೆ, ಅಂದರೆ ಎರಡು ಚಕ್ರದ ಓಟಕ್ಕೆ ಬಂತು. ಯಜಮಾನರು ಲಿವರಿನ ಮುಖ ನೋಡಿದರು, ಗೋಣಿಚೀಲದ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಕೂಲಿ ಎಂದು ಒಂದು ಪ್ಲೇಟ್ ಮಿರ್ಚಿ ತರಿಸಿದರು. ಗುಜರಿಯವನು ಮಾತ್ರ ದುಡ್ಡು ವಾಪಸು ಕೊಡಲಿಲ್ಲವಂತೆ.

ಇಂಥ ಗಾಡಿ ಪ್ರತಿ ಮಳೆಗಾಲದಲ್ಲೂ ನಾಲ್ಕಾರು ಬರುತ್ತವೆ. ಜಿಪ್ಸಿ 1985ರಲ್ಲಿ ಬಂದು 2019ರಲ್ಲಿ ನಿಂತ ಗಾಡಿ. ಈಗ ಕೈಗೆ ಸಿಗುವುದು ಮೂರನೆಯ, ನಾಲ್ಕನೆಯ ಮಾಲೀಕರು ಮಾರಿದ್ದು. ಕೊಂಡವರಿಗೆ ಗಾಡಿಯ ಮೇಲೆ ಪ್ರೀತಿ ಇರುತ್ತದೆ, ಅದರ ಸಣ್ಣ ಲಿವರಿನ ಮೇಲೆ ಇನ್ನೂ ಹೆಚ್ಚು. ‘ನಾಲ್ಕು ಚಕ್ರಕ್ಕೆ ದುಡ್ಡು ಕೊಟ್ಟಿದ್ದೇನೆ, ನಾಲ್ಕೂ ದುಡಿಯಲಿ’ ಎನ್ನುವುದು ಅವರ ವಾದ. ನಾನು ಇಪ್ಪತ್ತು ಸಲವಾದರೂ ಹೇಳಿರುವುದನ್ನು ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ.

ಚಕ್ಕಡಿ ಹೂಡಿದವರಿಗೆ ಇದು ಬೇಗ ತಿಳಿಯುತ್ತದೆ. ಚಕ್ಕಡಿ ತಿರುಗುವಾಗ ಒಳಗಿನ ಎತ್ತು ಕಡಿಮೆ ಹೆಜ್ಜೆ ಹಾಕುತ್ತದೆ, ಹೊರಗಿನದು ಹೆಚ್ಚು ಹಾಕುತ್ತದೆ. ಎರಡೂ ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುವುದರಿಂದ ತಕರಾರಿಲ್ಲ. ಮೋಟಾರು ಗಾಡಿಯಲ್ಲಿ ಎಡ ಬಲ ಚಕ್ರಗಳ ಈ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನೋಡಿಕೊಳ್ಳುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಸಹ ವ್ಯತ್ಯಾಸವಿದೆ. ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ಕತ್ತರಿಸಿಕೊಂಡು ಬರುತ್ತವೆ. ರಾಡಿಯ ದಾರಿಯಲ್ಲಿ ಮೂಡಿದ ಗುರುತು ನೋಡಿ, ನಾಲ್ಕು ಬೇರೆ ಬೇರೆ ಗೆರೆಗಳು ಕಾಣುತ್ತವೆ. 2ಎಚ್‌ನಲ್ಲಿ ಎಂಜಿನ್ ಹಿಂದಿನ ಜೋಡಿಯನ್ನು ಮಾತ್ರ ತಳ್ಳುತ್ತದೆ, ಮುಂದಿನದು ಸ್ವತಂತ್ರ. 4ಎಚ್‌ಗೆ ಹಾಕಿದ ಕೂಡಲೇ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದೇ ನೊಗಕ್ಕೆ ಬಿಗಿಯುತ್ತದೆ. ಇವೆರಡರ ನಡುವೆ ವ್ಯತ್ಯಾಸ ನುಂಗಿಕೊಳ್ಳುವ ಡಿಫರೆನ್ಷಿಯಲ್ ಇಲ್ಲ.

ಎರೆ ಹೊಲದಲ್ಲಿ ಇದರಿಂದ ಏನೂ ಆಗುವುದಿಲ್ಲ. ಮಣ್ಣು ಜಾರುತ್ತದೆ, ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಡಾಂಬರು ಜಾರಲು ಬಿಡುವುದಿಲ್ಲ. ಆಗ ಶಾಫ್ಟುಗಳಲ್ಲಿ, ಹಲ್ಲುಗಳಲ್ಲಿ ತಿರುಚು ಕೂಡಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಇಬ್ಬರು ಹಿಡಿದು ಹಿಂಡಿದಂತೆ. ಹಲ್ಲಿನ ಮೇಲೆ ಆ ಒತ್ತಡ ಇರುವಾಗ ಲಿವರ್ ಎಳೆದರೆ ಹೇಗೆ ಬಂದೀತು? ಅದು ಮುರಿದಿರುವುದಿಲ್ಲ, ಬಿಗಿದಿರುತ್ತದೆ. ನೆಟ್ಟಗೆ ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಬಿಗಿತ ಬಿಚ್ಚಿಕೊಳ್ಳುತ್ತದೆ. ಮುಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತುವವರೂ ಇದ್ದಾರೆ. ಎತ್ತಿದ ಚಕ್ರ ಧಡ್ ಎಂದು ತಿರುಗಿ ಬಿಗಿತ ಬಿಡುತ್ತದೆ. ದಯವಿಟ್ಟು ಮನೆಯಲ್ಲಿ ಅದನ್ನು ಮಾಡಬೇಡಿ, ಆ ಹೊತ್ತಿಗೆ ಚಕ್ರದ ಹತ್ತಿರ ಯಾರ ಬೆರಳು ಇರುತ್ತದೆಯೋ ಹೇಳಲಾಗದು.

ಮಳೆ ಬಂದು ಡಾಂಬರು ಒದ್ದೆಯಾಗಿದ್ದರೆ? ಒದ್ದೆ ಡಾಂಬರು ಎಂದರೆ ರಾಡಿಯಲ್ಲ. ನೆನೆದ ರಸ್ತೆಯಲ್ಲೂ ಆ ಬಿಗಿತ ಕೂಡಿಕೊಳ್ಳುತ್ತದೆ. ಇನ್ನೊಂದು ಭ್ರಮೆ, 4ಎಚ್‌ನಲ್ಲಿದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು. ಬ್ರೇಕ್ ಹೇಗೂ ನಾಲ್ಕೂ ಚಕ್ರಗಳಲ್ಲಿದೆ. ಸಣ್ಣ ಲಿವರ್ ಗಾಡಿಯನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ.

ಯಜಮಾನರ ಗಾಡಿಯಲ್ಲಿ ಇನ್ನೊಂದು ಸಂಗತಿ ಇತ್ತು. ಮುಂದೆ ಎರಡು ಹೊಸ ಟೈರ್, ಹಿಂದೆ ಸವೆದು ಬೋಳಾಗುತ್ತ ಬಂದ ಎರಡು. ‘ಈ ವರ್ಷ ಎರಡು, ಬರುವ ವರ್ಷ ಎರಡು’ ಎನ್ನುವುದು ನಮ್ಮ ಕಡೆಯ ಮನೆ ಲೆಕ್ಕ. ಸಾಮಾನ್ಯ ಕಾರಿಗೆ ನಡೆಯುತ್ತದೆ. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಜಿಪ್ಸಿಗೆ ಹಾಕುವ 205/70 ಆರ್15 ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಹೊಸ ಟೈರಿನ ಹೂವು, ಅಂದರೆ ಮೇಲಿನ ಗೀರುಗಳ ಆಳ, 8 ಮಿಲಿಮೀಟರ್ ಇದ್ದು, ಹಳೆಯದರಲ್ಲಿ 3 ಉಳಿದಿದ್ದರೆ, ತ್ರಿಜ್ಯದಲ್ಲಿ 5 ಮಿಲಿಮೀಟರ್ ವ್ಯತ್ಯಾಸ, ಸುತ್ತಳತೆಯಲ್ಲಿ 31. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 476 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೂ ಹತ್ತಿರ ಹತ್ತಿರ 15 ಮೀಟರ್ ಜಗಳ, ಅದೂ ತಿರುವೇ ಇಲ್ಲದ ನೇರ ರಸ್ತೆಯಲ್ಲಿ. ಗಾಳಿಯ ಒತ್ತಡ, ಹೇರಿನ ಭಾರ ಎಲ್ಲ ಸೇರಿ ನಿಜವಾದ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ನಾನು ಕಾಗದದ ಲೆಕ್ಕ ಹೇಳುತ್ತಿದ್ದೇನೆ. ಆದರೂ ಅಣ್ಣಿಗೇರಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಅವರ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಸುಮಾರು ಅರ್ಧ ಕಿಲೋಮೀಟರಿನ ವ್ಯಾಜ್ಯ. ಅದರಲ್ಲಿ ಹೆಚ್ಚಿನ ಪಾಲು ಟೈರ್ ಉಜ್ಜಿಕೊಂಡು ತೀರುತ್ತದೆ, ಉಳಿದದ್ದು ಪೆಟ್ಟಿಗೆಯ ಹಲ್ಲಿನ ಮೇಲೆ ಕುಳಿತಿರುತ್ತದೆ.

ಉಳಿದ ಸಣ್ಣ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 4ಎಚ್ ಹಾಕಿದರೂ ಮೀಟರಿನಲ್ಲಿ ದೀಪ ಹತ್ತದಿದ್ದರೆ ಮೊದಲು ಟ್ರಾನ್ಸ್‌ಫರ್ ಕೇಸಿನ ಮೇಲಿನ ಸಣ್ಣ ಸ್ವಿಚ್ಚಿನ ವೈರ್ ನೋಡಿ, ಕೆಸರು ಹಿಡಿದು ತುಂಡಾಗಿರುತ್ತದೆ. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕುವಾಗ ಕಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲು (ಕ್ರಾಸ್) ಅಥವಾ ಪೆಟ್ಟಿಗೆಯನ್ನು ಹಿಡಿದ ರಬ್ಬರು ಮೌಂಟಿಂಗ್ ಸವೆದಿರುತ್ತದೆ, ಹೆಚ್ಚಾಗಿ ಎರಡೂ. ಮುಂದಿನ ಚಕ್ರದ ಒಳಬದಿ ಎಣ್ಣೆಜಿಡ್ಡು ಮೆತ್ತಿದ್ದರೆ ಚಕ್ರ ಹೊರಳುವ ಕೀಲಿನ ಸೀಲ್ (ನಕಲ್ ಸೀಲ್) ಸವೆದಿದೆ. ಗೇರ್ ಬಾಕ್ಸಿನ ಎಣ್ಣೆ ಬೇರೆ, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬೇರೆ. ಒಂದನ್ನು ಬದಲಿಸಿ ‘ಗೇರ್ ಎಣ್ಣೆ ಆಯಿತು’ ಎಂದು ಬಿಲ್ ಬರೆದವರನ್ನು ನಾನು ನೋಡಿದ್ದೇನೆ.

ಇದಕ್ಕೆ ವಿರುದ್ಧದ ಕಥೆಯೂ ಇದೆ. ಧಾರವಾಡದ ಮೇಷ್ಟ್ರೊಬ್ಬರು ಒಂದು ಸಂಜೆ ನವಲಗುಂದದ ಹೊಲದಿಂದ ಫೋನ್ ಮಾಡಿದರು. ಗಾಡಿ ರಾಡಿಯಲ್ಲಿ ಹೂತಿದೆ, ಲಿವರ್ ಹಾಕಿದರೂ ಮುಂದಿನ ಚಕ್ರ ಅಲುಗಾಡುವುದಿಲ್ಲ. ನಮ್ಮ ಎರೆ ಮಣ್ಣಿನ ಮಹಿಮೆ ಗೊತ್ತಲ್ಲ, ಒಂದು ಮಳೆ ಬಿದ್ದರೆ ಚಪ್ಪಲಿಯೂ ಕಾಲಿಗಿಂತ ಭಾರ. ಪಾನಾ, ಜಾಕ್ ಹೊತ್ತುಕೊಂಡು ಹೋದೆ. ಕೆಲವು ಜಿಪ್ಸಿಗಳ ಮುಂದಿನ ಚಕ್ರಗಳ ನಡುಭಾಗದಲ್ಲಿ (ಹಬ್) ಕೈಯಿಂದ ತಿರುಗಿಸುವ ಗುಂಡಿ ಇರುತ್ತದೆ, ಒಂದು ಕಡೆ ‘ಫ್ರೀ’, ಇನ್ನೊಂದು ಕಡೆ ‘ಲಾಕ್’. ‘ಫ್ರೀ’ ಇದ್ದರೆ ಒಳಗಿನ ಶಾಫ್ಟ್ ತಿರುಗುತ್ತದೆ, ಚಕ್ರಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಕೈ ಹಾಕಿ ಎರಡೂ ಗುಂಡಿಗಳನ್ನು ‘ಲಾಕ್’ಗೆ ತಿರುಗಿಸಿದೆ. ಗಾಡಿ ಎದ್ದು ಬಂತು. ‘ಇದು ಚಕ್ರದ ಅಲಂಕಾರ ಎಂದುಕೊಂಡಿದ್ದೆ’ ಎಂದರು ಮೇಷ್ಟ್ರು. ಐದು ವರ್ಷದಿಂದ ಗಾಡಿ ಅವರ ಹತ್ತಿರವಿತ್ತು.

ಅಂಥವರಿಗೆ ಹೇಳುವುದಿಷ್ಟು: ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿ. ಬಳಸದ ಲಿವರಿನ ಕೊಂಡಿಗಳು ತುಕ್ಕು ಹಿಡಿಯುತ್ತವೆ, ಮುಂದಿನ ಸೀಲುಗಳು ಒಣಗುತ್ತವೆ. 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಓಟ) ಹಾಕುವುದಾದರೆ ಗಾಡಿ ಪೂರ್ತಿ ನಿಂತಿರಲಿ. ನಾನು ಹೇಳುತ್ತಿರುವುದು ಜಿಪ್ಸಿಯಂತೆ ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಹಾಕುವ ಗಾಡಿಗಳಿಗೆ. ಸದಾ ನಾಲ್ಕು ಚಕ್ರದಲ್ಲೇ ಓಡುವ ಗಾಡಿಗಳ ಒಳಗಿನ ಏರ್ಪಾಡು ಬೇರೆ, ಅವುಗಳ ಕೈಪಿಡಿ ನೋಡಿಕೊಳ್ಳಿ.

ಎರಡೇ ಹೊಸ ಟೈರ್ ಈಗಾಗಲೇ ಕೊಂಡಿದ್ದರೆ ಗಾಬರಿ ಬೇಡ. ಎರಡೂ ಒಂದೇ ಅಚ್ಚಿನ ಮೇಲಿರಲಿ. ಒಂದು ಮುಂದೆ, ಒಂದು ಹಿಂದೆ ಹಾಕಿಸಬೇಡಿ. ಕೆಸರಿನಲ್ಲಿ ಲಿವರ್ ಹಾಕಿ, ಡಾಂಬರು ಹತ್ತುವ ಮುಂಚೆ ತೆಗೆಯಿರಿ. ಹಾಗೆಯೇ ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿಯ ಅಳತೆಯನ್ನೂ ಒಮ್ಮೆ ಓದಿ. ಯಜಮಾನರದ್ದನ್ನು ಓದಿದೆ. ಅದು ಬೇರೆ ಯಾವುದೋ ದೊಡ್ಡ ಗಾಡಿಯದ್ದು, ಅದೂ ಅದೇ ಗುಜರಿಯಿಂದ ತಂದದ್ದಂತೆ.