ತಲೆಬಿಸಿಯ ಚೀಲ ಬಿಚ್ಚಿದರೆ

ಮಂಗಳೂರಿನಲ್ಲಿ ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿದವರನ್ನು "ಎಂತ, ಹೇಗಿತ್ತು ಇವತ್ತು?" ಎಂದು ಕೇಳಿ ನೋಡಿ. "ಹೇಳಿ ಸುಖವಿಲ್ಲ ಮಾರಾಯ್ರೆ, ಬರೀ ತಲೆಬಿಸಿ" ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಮ್ಯಾನೇಜರು ಎಲ್ಲರೆದುರು ಗದರಿದ್ದು ತಲೆಬಿಸಿ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಸರ್ವರ್ ಕೈಕೊಟ್ಟದ್ದು ತಲೆಬಿಸಿ. ನಿನ್ನೆ ಮೊನ್ನೆ ಸೇರಿದವನಿಗೆ ಬಡ್ತಿ ಸಿಕ್ಕಿದ್ದು, ಮಗಳ ಫೀಸು ಕಟ್ಟುವ ದಿನ ಹತ್ತಿರ ಬಂದದ್ದು, ಅದೂ ತಲೆಬಿಸಿಯೇ. ಮೊದಲನೆಯದು ಅವಮಾನ, ಎರಡನೆಯದು ಅಸಹಾಯಕತೆ, ಮೂರನೆಯದು ಅಸೂಯೆ, ಕೊನೆಯದು ಚಿಂತೆ. ಒಂದೊಂದಕ್ಕೂ ಬೇರೆ ಬೇರೆ ಮದ್ದು. ನಾವು ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಇಡುತ್ತೇವೆ.

ಭಾವನಾತ್ಮಕ ಬುದ್ಧಿವಂತಿಕೆ ಎಂಬ ದೊಡ್ಡ ಹೆಸರಿನ ವಿದ್ಯೆ ಶುರುವಾಗುವುದು ಈ ಚೀಲ ಬಿಚ್ಚುವುದರಿಂದ. ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಈ ಕಲ್ಪನೆಯನ್ನು ಪ್ರಬಂಧವಾಗಿ ಮಂಡಿಸಿದರು. 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಪುಸ್ತಕ ಅದನ್ನು ಮನೆಮಾತು ಮಾಡಿತು. ಸಲೋವಿ, ಮೇಯರ್ ಮುಂದೆ ಇದನ್ನು ನಾಲ್ಕು ಸಾಮರ್ಥ್ಯಗಳಾಗಿ ಬಿಡಿಸಿದರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತದೆಂದು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ಸದಾ ನಗುವುದು, ಯಾರಿಗೂ ಎದುರಾಡದಿರುವುದು ಈ ಪಟ್ಟಿಯಲ್ಲಿ ಇಲ್ಲ. ಆದರೂ ಅನೇಕ ಕಚೇರಿಗಳಲ್ಲಿ "ಅವರಿಗೆ ಇ.ಕ್ಯೂ. (ಭಾವನಾತ್ಮಕ ಬುದ್ಧಿವಂತಿಕೆಯ ಅಳತೆ) ಒಳ್ಳೆಯದುಂಟು" ಎಂದರೆ "ಬೈದರೂ ಸುಮ್ಮನಿರುತ್ತಾರೆ" ಎಂದೇ ಅರ್ಥ!

ಹೆಸರಿಡುವುದರಿಂದ ಏನಾಗುತ್ತದೆ? ಮಿದುಳಿನ ಒಳಭಾಗದಲ್ಲಿ ಅಮಿಗ್ಡಲ ಎಂಬ ಪುಟ್ಟ ರಚನೆ ಇದೆ. ಬಾದಾಮಿ ಆಕಾರದ್ದು ಎಂಬ ಕಾರಣಕ್ಕೆ ಆ ಗ್ರೀಕ್ ಹೆಸರು; ಕರಾವಳಿಯವರು ಗೇರುಬೀಜ ಎಂದುಕೊಂಡರೂ ನಷ್ಟವಿಲ್ಲ. ಅಪಾಯದ ಸುಳಿವು ಕಂಡಾಗ ಚುರುಕಾಗುವ ಭಾಗಗಳಲ್ಲಿ ಇದು ಮುಖ್ಯವಾದದ್ದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ನೋಡುಗರು ಆ ಮುಖದ ಭಾವಕ್ಕೆ ಹೊಂದುವ ಪದ ಆರಿಸಿದಾಗ ಅಮಿಗ್ಡಲದ ಚಟುವಟಿಕೆ ಇಳಿಯಿತು, ಹಣೆಯ ಹಿಂದಿನ ಮಿದುಳಿನ ಒಂದು ಭಾಗ ಚುರುಕಾಯಿತು. ಮುಖ ಗಂಡಿನದೋ ಹೆಣ್ಣಿನದೋ ಎಂದು ನೋಡಿ ಅದಕ್ಕೆ ಒಪ್ಪುವ ವ್ಯಕ್ತಿಯ ಹೆಸರನ್ನಷ್ಟೇ ಆರಿಸಿದಾಗ ಇಷ್ಟು ಇಳಿಕೆ ಕಾಣಲಿಲ್ಲ. ಹಾಗಾದರೆ ಕೆಲಸ ಮಾಡಿದ್ದು ಭಾವಕ್ಕೆ ಇಟ್ಟ ಹೆಸರು.

ಹೆಸರುಗಳಿಗೆ ನಮ್ಮಲ್ಲಿ ಬರವಿಲ್ಲ. ಭರತನ ನಾಟ್ಯಶಾಸ್ತ್ರ ನೆಲೆನಿಲ್ಲುವ 8 ಸ್ಥಾಯಿ ಭಾವಗಳ ಜೊತೆಗೆ ಬಂದುಹೋಗುವ 33 ವ್ಯಭಿಚಾರಿ ಭಾವಗಳನ್ನು ಎಣಿಸುತ್ತದೆ. ಕ್ರೋಧ ಬೇರೆ, ಅಮರ್ಷ ಬೇರೆ. ಅಮರ್ಷವೆಂದರೆ ತಿರಸ್ಕಾರಕ್ಕೆ, ಅವಮಾನಕ್ಕೆ ಒಳಗಾದವನ ಸಹಿಸಲಾಗದ ಕುದಿ. ಶಂಕೆ, ದೈನ್ಯ, ಚಿಂತೆ, ವಿಷಾದ, ಗ್ಲಾನಿ, ಇವುಗಳಿಗೆಲ್ಲ ಬೇರೆ ಬೇರೆ ಜಾಗ. ತಾಳಮದ್ದಳೆಗೆ ಕೂತು ಕರ್ಣನದು ಕೋಪವೋ ನೊಂದ ಅಭಿಮಾನವೋ ಎಂದು ಬೆಳಗಿನವರೆಗೆ ತೂಗಿ ನೋಡಬಲ್ಲ ಊರಿದು. ಅದೇ ಊರಿನವರು ತಮ್ಮ ಕಚೇರಿಯ ಸಂಗತಿಗೆ ಬಂದರೆ ತಲೆಬಿಸಿ ಎಂಬ ಒಂದೇ ಪದಕ್ಕೆ ತೃಪ್ತರಾಗುವುದು ಸೋಜಿಗ.

ಅಭ್ಯಾಸ ಹೀಗೆ ಮಾಡಬಹುದು. ಜೇಬಿನಲ್ಲೊಂದು ಸಣ್ಣ ಪುಸ್ತಕ. ದಿನಕ್ಕೆ 3 ಸಲ, ಅಂದರೆ ಕೆಲಸ ಶುರುವಾದ ಒಂದು ಗಂಟೆಗೆ, ಊಟದ ನಂತರ ಮತ್ತು ಹೊರಡುವ ಮುನ್ನ, ಒಂದೊಂದು ಸಾಲು. ಗಂಟೆ ಎಷ್ಟು, ಏನು ನಡೆಯಿತು, ಮೈಯಲ್ಲಿ ಏನು ಗೊತ್ತಾಯಿತು (ದವಡೆ ಬಿಗಿ, ಕಿವಿ ಬಿಸಿ, ಹೊಟ್ಟೆಯಲ್ಲಿ ಸಂಕಟ), ಅದರ ಹೆಸರೇನು, 10ಕ್ಕೆ ಎಷ್ಟು ತೀವ್ರ. ಎರಡು ವಾರ ಸಾಕು. ರಾತ್ರಿ ಮನೆಯಲ್ಲಿ ಒಟ್ಟಿಗೆ ಬರೆಯುತ್ತೇನೆಂದರೆ ಪ್ರಯೋಜನ ಕಡಿಮೆ; ಅಷ್ಟು ಹೊತ್ತಿಗೆ ನೆನಪು ದಿನದ ಕೊನೆಯ ಬಣ್ಣವನ್ನೇ ಇಡೀ ದಿನಕ್ಕೆ ಬಳಿದಿರುತ್ತದೆ. ಇನ್ನೊಂದು ತಪ್ಪು ಬಹುತೇಕ ಎಲ್ಲರೂ ಮಾಡುವಂಥದ್ದು: "ಅವರು ನನ್ನನ್ನು ಕಡೆಗಣಿಸಿದರು ಅನಿಸಿತು" ಎಂದು ಬರೆಯುವುದು. ಅದು ಭಾವನೆಯಲ್ಲ, ಇನ್ನೊಬ್ಬರ ಮೇಲಿನ ತೀರ್ಪು. "ನಾಚಿಕೆಯಾಯಿತು", "ಹೆದರಿಕೆಯಾಯಿತು" ಎಂಬಲ್ಲಿಗೆ ಬರುವವರೆಗೆ ಸಾಲು ಮುಗಿಯಲಿಲ್ಲ ಎಂದೇ ಲೆಕ್ಕ.

ಹೆಸರಿಡುವ ಮೊದಲು ಹೊಟ್ಟೆಯನ್ನೂ ನಿದ್ದೆಯನ್ನೂ ವಿಚಾರಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ, ಊಟ ತಡವಾದ ಮಧ್ಯಾಹ್ನದಲ್ಲಿ, ಮೈಯ ಕಿರಿಕಿರಿಯನ್ನು ಮನಸ್ಸು ಎದುರಿಗಿರುವವರ ತಪ್ಪೆಂದು ಓದಿಬಿಡುತ್ತದೆ. ನಿದ್ದೆಯ ಪರಿಣಾಮ ಇನ್ನೂ ನೇರ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ನಿದ್ದೆಗೆಟ್ಟವರ ಅಮಿಗ್ಡಲ, ನಿದ್ದೆ ಮಾಡಿದವರಿಗಿಂತ ಶೇ. 60ರಷ್ಟು ಹೆಚ್ಚು ಪ್ರತಿಕ್ರಿಯಿಸಿತು. ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮುಗಿಸಿದ ನರ್ಸಿನ ಜೊತೆ ಬೆಳಿಗ್ಗೆ ಎಂಟಕ್ಕೆ ರಜೆಯ ಜಗಳ ತೆಗೆಯಬಾರದು ಎನ್ನಲು ಇಷ್ಟು ಕಾರಣ ಸಾಕು.

ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎನ್ನುತ್ತಾರಲ್ಲ, ಅದಕ್ಕೆ ಶರೀರದೊಳಗೆ ಒಂದು ಗಡಿಯಾರವೇ ಉಂಟು. ಕೆಣಕಿದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ನುಗ್ಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ದನಿ ಏರುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ನಿಧಾನದ್ದು, ಅದರ ಮಟ್ಟ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು. ಎದೆಬಡಿತ ಇಳಿದಾಗ ನಾವು ತಣ್ಣಗಾದೆವು ಎಂದುಕೊಳ್ಳುತ್ತೇವೆ, ಒಳಗೆ ಪಾಕ ಇನ್ನೂ ಕುದಿಯುತ್ತಿರುತ್ತದೆ. ರಾಜೀನಾಮೆಯ ಪತ್ರ, ಮೇಲಧಿಕಾರಿಗೆ ದೂರು, ವಾಟ್ಸ್ಆ್ಯಪ್ ಗುಂಪಿನಲ್ಲಿ ಉದ್ದದ ಉತ್ತರ, ಇವನ್ನು ಅರ್ಧ ಗಂಟೆಯಾದರೂ ತಡೆಯಬೇಕು ಎನ್ನುವುದು ಅದಕ್ಕೇ.

ತಕ್ಷಣಕ್ಕೆ ಸಿಗುವ ಸಾಧನ ಉಸಿರು. 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ನಿಮಿಷಕ್ಕೆ 6 ಉಸಿರು, ಹೀಗೆ ಮೂರು ನಿಮಿಷ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ವೇಗ ತಗ್ಗುವುದರಿಂದ ಬಿಡುವ ಹೊತ್ತು ಉದ್ದವಿರಬೇಕು. ಕೆಲವರು ಎದೆ ಉಬ್ಬಿಸಿ ದೊಡ್ಡ ದೊಡ್ಡ ಉಸಿರು ಎಳೆಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, "ನನಗೆ ಇದು ಆಗುವುದಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಉಸಿರು ನಿಧಾನವಾದರೆ ಸಾಕು, ದೊಡ್ಡದಾಗಬೇಕಿಲ್ಲ.

ಸಿಟ್ಟನ್ನು ಕಕ್ಕಿಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರ ಸಿಕ್ಕಿಲ್ಲ. 2002ರಲ್ಲಿ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರು ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿದರೆ ಕೊತ್ತಿಗೆ ಪೆಟ್ಟು, ಕೋಪಕ್ಕೆ ಇನ್ನಷ್ಟು ತುಪ್ಪ.

ಹಾಗೆಂದು ನುಂಗಿಕೊಳ್ಳುವುದೂ ಉಪಾಯವಲ್ಲ. ಕೌಂಟರಿನ ಕೆಲಸದಲ್ಲಿ ಇದು ದೊಡ್ಡ ಪ್ರಶ್ನೆ, ಮತ್ತು ಇದು ಕೌಂಟರುಗಳ ಸೀಮೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ, ಐದೂ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಅವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಫಲಕ ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು. ಇಂಥ ಹೊತ್ತಿನಲ್ಲಿ ಕೌಂಟರಿನೆದುರು ದನಿ ಏರಿಸುವ ಅಜ್ಜನ ಒಳಗಿರುವುದು ಹೆಚ್ಚಾಗಿ ಸಿಟ್ಟಲ್ಲ, "ನನ್ನ ಪೆನ್ಶನ್ ಎಲ್ಲಿಗೆ ಹೋಯಿತು?" ಎಂಬ ಹೆದರಿಕೆ. ಅವರನ್ನು ಕೊಬ್ಬಿನವರೆಂದು ಓದಿದ ಗುಮಾಸ್ತರು ಒಂದು ರೀತಿ ಉತ್ತರಿಸುತ್ತಾರೆ, ಹೆದರಿದವರೆಂದು ಓದಿದವರು ಇನ್ನೊಂದು ರೀತಿ. ಎರಡನೆಯವರಿಗೆ ನಗುವನ್ನು ಅಂಟಿಸಿಕೊಳ್ಳುವ ಶ್ರಮವೇ ಬೇಕಾಗುವುದಿಲ್ಲ.

ಈ ವ್ಯತ್ಯಾಸವನ್ನು ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರ ಕೆಲಸ ನೋಡಿ ವಿವರಿಸಿದ್ದರು. ಒಳಗೊಂದಿಟ್ಟುಕೊಂಡು ಮುಖದಲ್ಲಿ ಇನ್ನೊಂದು ತೋರಿಸುವುದು ಮೇಲ್ಪದರದ ನಟನೆ. ಎದುರಿನವರ ಪರಿಸ್ಥಿತಿಯನ್ನು ಕಲ್ಪಿಸಿಕೊಂಡು ಒಳಗಿನ ಭಾವವನ್ನೇ ಬದಲಿಸಿಕೊಳ್ಳುವುದು ಆಳದ ನಟನೆ. ಮೊದಲನೆಯದಕ್ಕೆ ಭರತನ ಪಟ್ಟಿಯಲ್ಲಿ ಅವಹಿತ್ಥ ಎಂಬ ಹೆಸರೇ ಉಂಟು. ದಿನವಿಡೀ ಅವಹಿತ್ಥದಲ್ಲಿರುವವರು ಬೇಗ ಬಸವಳಿಯುತ್ತಾರೆ ಎಂಬುದನ್ನು ಮುಂದಿನ ಅನೇಕ ಅಧ್ಯಯನಗಳು ಕಂಡಿವೆ. ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಮತ್ತು ಜೊತೆಗಾರರ ಪ್ರಯೋಗಗಳು ಇನ್ನೂ ಒಂದು ಸಂಗತಿ ತೋರಿಸಿದವು: ಭಾವನೆಯನ್ನು ಹತ್ತಿಕ್ಕಿದರೆ ಒಳಗಿನ ಭಾವ ಇಳಿಯುವುದಿಲ್ಲ, ಆ ಹೊತ್ತಿನ ಮಾತು ಸರಿಯಾಗಿ ನೆನಪಿನಲ್ಲಿ ಉಳಿಯುವುದೂ ಇಲ್ಲ. 2003ರ ಒಂದು ಅಧ್ಯಯನದಲ್ಲಂತೂ ಹತ್ತಿಕ್ಕಿಕೊಂಡವರ ಎದುರು ಕೂತು ಮಾತಾಡಿದವರ ರಕ್ತದೊತ್ತಡವೂ ಏರಿತ್ತು.

ದೂರು ತಂದವರ ಜೊತೆಗಿನ ಮಾತಿಗೆ ಒಂದು ಕ್ರಮವಿದೆ. ಮೊದಲು ಪೂರ್ತಿ ಕೇಳುವುದು. ನಡುವೆ ಬಾಯಿ ಹಾಕದಿದ್ದರೆ ಹೆಚ್ಚಿನವರು ಒಂದೆರಡು ನಿಮಿಷದಲ್ಲಿ ಮುಗಿಸುತ್ತಾರೆ. ಆಮೇಲೆ ಅವರ ವಿವರವನ್ನೇ ತಿರುಗಿ ಹೇಳುವುದು: "ಐದನೇ ತಾರೀಕಿಗೆ ಬರಬೇಕಿದ್ದ ಹಣ ಇವತ್ತು ಹನ್ನೆರಡಾದರೂ ಬಂದಿಲ್ಲ, ಅಲ್ವಾ ಅಜ್ಜ?" ನಂತರ ಭಾವವನ್ನು ಪ್ರಶ್ನೆಯಾಗಿ ಮುಟ್ಟುವುದು: "ಹೆದರಿಕೆ ಆಯ್ತೇನೋ?" ಕೊನೆಗೆ ಏನು ಮಾಡುತ್ತೇನೆ, ಎಷ್ಟು ಹೊತ್ತಿಗೆ ಎಂಬುದು. ಈ ಕ್ರಮವನ್ನು ಕೆಡಿಸುವ ಮಾತು "ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ" ಎಂಬುದು. ಹೇಳುವವರ ಉದ್ದೇಶ ಒಳ್ಳೆಯದೇ, ಕೇಳುವವರಿಗೆ ಮಾತ್ರ "ನಿಮ್ಮ ಸಿಟ್ಟಿಗೆ ಕಾರಣವಿಲ್ಲ" ಎಂದು ಕೇಳಿಸುತ್ತದೆ.

ಕರಾವಳಿಯ ಕಚೇರಿಗಳಲ್ಲಿ ಇನ್ನೊಂದು ತೊಡಕು "ನೋಡುವ" ಎಂಬ ಪದ. "ಆಯ್ತು, ನೋಡುವ" ಎಂದು ಇಲ್ಲಿನವರು ಹೇಳಿದರೆ ಅದು ಬಹಳ ಸಲ ಮೆತ್ತಗಿನ ಇಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ವರ್ಗವಾಗಿ ಬಂದವರು ಅದನ್ನು ಹೌದೆಂದು ತಿಳಿದು ವಾರ ಕಾಯುತ್ತಾರೆ. ಅವರ ಸಲುಗೆಯ "ನೀ ಹೇಳಪಾ" ಇಲ್ಲಿ ಮಕ್ಕಳಿಗೂ ಬಹುವಚನ ಹಾಕುವವರ ಕಿವಿಗೆ ಚುಚ್ಚುತ್ತದೆ. ಊಟದ ಟೇಬಲಿನಲ್ಲಿ ನಾಲ್ವರು ತುಳುವಿಗೆ ತಿರುಗಿದಾಗ ಐದನೆಯವರಿಗೆ ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆಂಬ ಶಂಕೆ. ಇಲ್ಲೆಲ್ಲ ಯಾರ ಮನಸ್ಸಿನಲ್ಲೂ ವಿಷವಿಲ್ಲ, ದನಿಯನ್ನು ಓದುವ ಲೆಕ್ಕ ಬೇರೆ ಅಷ್ಟೆ. "ನೋಡುವ ಅಂದರೆ ಇವತ್ತೋ, ಸೋಮವಾರವೋ, ಆಗುವುದಿಲ್ಲವೋ?" ಎಂದು ನಗುತ್ತಲೇ ಕೇಳುವುದು ತಪ್ಪಲ್ಲ.

ಬರಹದಲ್ಲಿ ದನಿಯೂ ಇರುವುದಿಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ವ್ಯಂಗ್ಯದ ಮತ್ತು ಗಂಭೀರವಾದ ವಾಕ್ಯಗಳನ್ನು ಇಮೇಲ್ ಮೂಲಕ ಕಳಿಸಿಸಿದರು. ಶೇ. 78ರಷ್ಟು ಸಲ ತಮ್ಮ ಧಾಟಿ ಸರಿಯಾಗಿ ತಿಳಿಯುತ್ತದೆಂದು ಕಳಿಸಿದವರ ಅಂದಾಜು. ಓದಿದವರು ಸರಿಯಾಗಿ ಹಿಡಿದದ್ದು ಶೇ. 56, ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನಲ್ಲ. ಎರಡು ಸಲ ಬರೆದರೂ ಬಿಡಿಸದ ಗಂಟನ್ನು ಮೂರನೆಯ ಸಲ ಬರೆದು ಬಿಗಿ ಮಾಡದೆ ಫೋನ್ ಎತ್ತುವುದು ಕ್ಷೇಮ.

ತಂಡ ನಡೆಸುವವರಿಗೆ ಆಸ್ಪತ್ರೆಗಳಿಂದ ಬಂದ ಒಂದು ಪಾಠವಿದೆ. ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವ ಮತ್ತು ಹೊಂದಾಣಿಕೆ ಇದ್ದ ವಾರ್ಡುಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಹೇಳಲು ಹೆದರುತ್ತಿರಲಿಲ್ಲ. ಮಣಿಪಾಲ, ಮಂಗಳೂರಿನಂಥ ಆಸ್ಪತ್ರೆಗಳ ಊರಿನಲ್ಲಿ ಇದನ್ನು ಶಿಫ್ಟ್ ಬದಲಾಗುವ ಹೊತ್ತಿನ ಮೊದಲ ಪ್ರಶ್ನೆಯಿಂದಲೇ ಪರೀಕ್ಷಿಸಬಹುದು. "ಯಾರು ಮಾಡಿದ್ದು?" ಎಂದು ಕೇಳಿದರೆ ಉತ್ತರ ಮೌನ. "ಏನಾಯಿತು, ಯಾವ ಹಂತದಲ್ಲಿ?" ಎಂದರೆ ಒಂದೇ ಥರದ ಎರಡು ಬಾಟಲಿಗಳು ಒಂದೇ ಟ್ರೇಯಲ್ಲಿದ್ದವೆಂಬುದು ಹೊರಬೀಳಬಹುದು.

ಈ ವಿದ್ಯೆಯನ್ನು ತಲೆಯ ಮೇಲೆ ಹೊತ್ತು ಮೆರೆಸುವವರ ಬಗ್ಗೆ ಎಚ್ಚರವಿರಲಿ. ಬದುಕಿನ ಯಶಸ್ಸಿನಲ್ಲಿ ಶೇ. 80 ಪಾಲು ಇದರದ್ದೇ ಎಂಬ ತರಬೇತಿಗಳ ಘೋಷಣೆಗೆ ಬುಡವಿಲ್ಲ. ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಭಾವನೆಗಳ ಜೊತೆ ಏಗಬೇಕಾದ ಕೆಲಸಗಳಲ್ಲಿ ಇದರ ಲಾಭ ಕಂಡಿತು, ಬೇರೆ ಕೆಲಸಗಳಲ್ಲಿ ಅಷ್ಟಾಗಿ ಕಾಣಲಿಲ್ಲ. "ನೀವು ಇತರರ ಭಾವನೆ ಅರಿಯಬಲ್ಲಿರಾ?" ಎಂಬ ಪ್ರಶ್ನಾವಳಿ ತುಂಬಿ ಬಂದ ಅಂಕವೂ ಭರವಸೆಯದ್ದಲ್ಲ, ಅರಿಯದವರಿಗೆ ತಾವು ಅರಿಯುವುದಿಲ್ಲವೆಂಬುದೇ ಗೊತ್ತಿರುವುದಿಲ್ಲವಲ್ಲ.

ಗ್ರಾಸ್ ಭಾವನೆಯನ್ನು ನಿಭಾಯಿಸುವ ಐದು ಘಟ್ಟ ಹೇಳುತ್ತಾರೆ: ಪರಿಸ್ಥಿತಿಯನ್ನು ಆರಿಸಿಕೊಳ್ಳುವುದು, ಅದನ್ನು ಬದಲಿಸುವುದು, ಗಮನ ತಿರುಗಿಸುವುದು, ಅರ್ಥ ಬದಲಿಸಿಕೊಳ್ಳುವುದು, ಕೊನೆಗೆ ಪ್ರತಿಕ್ರಿಯೆಯನ್ನು ಹತೋಟಿಗೆ ತರುವುದು. ಕಚೇರಿಗಳು ಕೊನೆಯದನ್ನೇ ನೌಕರರಿಂದ ಬಯಸುತ್ತವೆ, ಮೊದಲೆರಡನ್ನು ಮರೆಯುತ್ತವೆ. ಎರಡು ಖಾಸಗಿ ಬಸ್ಸುಗಳ ನಡುವೆ ಕೆಲವೇ ನಿಮಿಷದ ಟೈಮಿಂಗ್ ಇಟ್ಟು, ಕಲೆಕ್ಷನ್ ಮೇಲೆ ಕಮಿಷನ್ ಕಟ್ಟಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಜಗಳಾಡಿದಾಗ ಅವರಿಗೆ ಉಸಿರಾಟ ಹೇಳಿಕೊಡಲು ಹೋದರೆ ನಗೆಪಾಟಲು.

ಜೇಬಿನ ಪುಸ್ತಕ ಎರಡು ವಾರದ ಕೊನೆಗೆ ಬೆಲೆ ಬಾಳುವುದು ಇಲ್ಲಿಯೇ. ಸಾಲುಗಳನ್ನು ಓದಿದರೆ "11.30, ಅಸಹಾಯಕತೆ, 7" ಎಂಬುದೇ ಮತ್ತೆ ಮತ್ತೆ ಬಂದಿರಬಹುದು. ಎದುರಿದ್ದ ಗಿರಾಕಿ ಪ್ರತಿ ಸಲ ಬೇರೆ, ಗಂಟೆ ಮಾತ್ರ ಅದೇ. ಹನ್ನೊಂದೂವರೆಗೆ ಏನಾಗುತ್ತದೆ ಎಂದು ಹುಡುಕಿದರೆ, ಕೌಂಟರಿನ ಇಬ್ಬರಲ್ಲಿ ಒಬ್ಬರು ಚಹಾಕ್ಕೆ ಹೋಗುವ ಹೊತ್ತೂ ಪಾಸ್‌ಬುಕ್ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳುವಷ್ಟು ಜನ ಸೇರುವ ಹೊತ್ತೂ ಒಂದೇ ಎಂದು ಗೊತ್ತಾಗಬಹುದು. ಆಗ ಮ್ಯಾನೇಜರ ಬಳಿ "ತುಂಬಾ ತಲೆಬಿಸಿ ಸಾರ್" ಎಂದು ಹೇಳುವ ಬದಲು ಆ ಪುಟವನ್ನೇ ತೆರೆದಿಟ್ಟು, ಚಹಾದ ಹೊತ್ತನ್ನು ಹನ್ನೊಂದಕ್ಕೆ ಬದಲಿಸಬಹುದೇ ಎಂದು ಕೇಳಬಹುದು.